ಕಲಬುರಗಿಯ ಹಬ್ಶಿಗಳು

ಬಹಮನಿ ರಾಜ್ಯದ ಸೈನ್ಯದಲ್ಲೂ ಅರಮನೆಯಲ್ಲೂ ಅಧಿಕಾರ ನಡೆಸಿದ ಆಫ್ರಿಕಾ ಮೂಲದವರು. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಈ ರಾಜ್ಯದ ಕಥೆಯಲ್ಲಿ ಪರ್ಶಿಯನ್ನರಿಗೆ ಸಿಕ್ಕಷ್ಟು ಜಾಗ ಹಬ್ಶಿಗಳಿಗೆ ಸಿಕ್ಕಿಲ್ಲ. ಈ ನಗರವನ್ನೇ ಆಳಿದ ಒಬ್ಬ ಹಬ್ಶಿಯ ಹೆಸರು ಇಲ್ಲಿಯವರಿಗೂ ಅಷ್ಟಾಗಿ ಪರಿಚಿತವಲ್ಲ.

ಇವರ ಮೂಲ ಇಥಿಯೋಪಿಯಾ ಮತ್ತು ಅದರ ಸುತ್ತಲಿನ ಸೀಮೆ. ಅಲ್ಲಿನ ಎತ್ತರದ ನಾಡನ್ನು 1270ರಿಂದ ಸೊಲೊಮನ್ ವಂಶದ ಕ್ರೈಸ್ತ ಅರಸರು ಆಳುತ್ತಿದ್ದರು. ಇಫಾತ್ ಸುಲ್ತಾನರೊಂದಿಗೆ, ಆಮೇಲೆ ಅದಲ್ ಸುಲ್ತಾನರೊಂದಿಗೆ ಅವರ ಕಾಳಗ ನಡೆದೇ ಇತ್ತು. ಯುದ್ಧದಲ್ಲೂ ಗಡಿಯಾಚೆಯ ದಾಳಿಗಳಲ್ಲೂ ಸೆರೆಸಿಕ್ಕ ಹುಡುಗರು ಮಾರಾಟವಾಗಿ, ವರ್ತಕರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿಯುತ್ತಿದ್ದರು. ದಖ್ಖನಿನ ಒಡೆಯರು ಅವರ ಕೈಗೆ ಕೊಟ್ಟದ್ದು ಕತ್ತಿ. ನಂಟರಿಷ್ಟರಿಲ್ಲದ ಆಳು ಕೊಂಡವನಿಗಷ್ಟೇ ನಿಷ್ಠನಾಗಿರುತ್ತಾನೆಂಬುದು ಲೆಕ್ಕಾಚಾರ. ಒಡೆಯ ತೀರಿದ ಮೇಲೆ ಬಿಡುಗಡೆ ಪಡೆದು ಸರದಾರರಾದವರೂ ಉಂಟು.

ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಇರಾನ್, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದವರು ಆಫಾಕಿಗಳು. ಹಿಂದಿನಿಂದ ನೆಲೆಸಿದವರು ದಖನಿಗಳು. ಹಬ್ಶಿಗಳು ಸಮುದ್ರ ದಾಟಿ ಬಂದವರೇ ಆದರೂ ಸೇರಿಕೊಂಡದ್ದು ದಖನಿಗಳನ್ನು. ಆಫಾಕಿಗಳು ಇಬ್ಬರನ್ನೂ ಕೀಳಾಗಿ ಕಂಡದ್ದು ಇದಕ್ಕೆ ಮುಖ್ಯ ಕಾರಣವಿರಬೇಕು. 1481ರಲ್ಲಿ ವಜೀರ ಮಹಮೂದ್ ಗವಾನನ ತಲೆ ತೆಗೆದವನು ಸುಲ್ತಾನನ ಹಬ್ಶಿ ಗುಲಾಮ ಜೌಹರ್. ಹೊಡೆದ ಕೈ ಅವನದಾದರೂ ಹುಕುಂ ಸುಲ್ತಾನನದು, ಸಂಚು ದಖನಿ ಬಣದ್ದು. 1487ರಲ್ಲಿ ಸುಲ್ತಾನ ಮಹಮೂದ್ ಶಾಹನನ್ನೇ ಕೊಲ್ಲುವ ಯತ್ನ ವಿಫಲವಾದಾಗ ಬೀದರಿನಲ್ಲಿ ದಖನಿಗಳ ಜೊತೆ ಹಬ್ಶಿಗಳ ಮಾರಣಹೋಮವೂ ನಡೆಯಿತು.

ರಾಜಧಾನಿ 1420ರ ದಶಕದಲ್ಲೇ ಬೀದರಿಗೆ ಹೋಗಿತ್ತು. ಹೀಗೆ ಪ್ರಾಂತ್ಯದ ಕೇಂದ್ರವಾಗಿ ಉಳಿದ ಕಲಬುರಗಿ 15ನೆಯ ಶತಮಾನದ ಕೊನೆಗೆ ದಸ್ತೂರ್ ದಿನಾರ್ ಎಂಬ ಹಬ್ಶಿ ಸರದಾರನ ಕೈಯಲ್ಲಿತ್ತು. 1495ರ ಸುಮಾರಿಗೆ ಆತ ದಂಗೆಯೆದ್ದು ಸೋತು ಸೆರೆಸಿಕ್ಕ. ತಲೆ ಉಳಿಯಿತು, ಜಾಗೀರೂ ಮರಳಿ ದಕ್ಕಿತು. ಕೇಂದ್ರದ ಹಿಡಿತ ಎಷ್ಟು ಸಡಿಲಾಗಿತ್ತು ಎಂಬುದಕ್ಕೆ ಈ ಕ್ಷಮೆಯೇ ಸಾಕ್ಷಿ. ಬಿಜಾಪುರದ ಯೂಸುಫ್ ಆದಿಲ್ ಖಾನನಿಗೆ ಕಲಬುರಗಿಯ ಮೇಲೆ ಕಣ್ಣಿತ್ತು. 1504ರಲ್ಲಿ ಅವನೊಡನೆ ನಡೆದ ಕಾಳಗದಲ್ಲಿ ದಿನಾರ್ ಹತನಾದ. ಕಲಬುರಗಿ ಬಿಜಾಪುರದ ವಶವಾಯಿತು.

ಬೀದರಿನ ಹಬ್ಶಿಕೋಟೆಯ ದಿಬ್ಬದಲ್ಲಿ ಹಬ್ಶಿ ಸರದಾರರ ಗೋರಿಗಳಿವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿಗಳನ್ನು ಈ ಸರದಾರರ ಸಂತತಿಯೆಂದು ಭಾವಿಸುವುದು ಸರಿಯಲ್ಲ. ಅವರಲ್ಲಿ ಹೆಚ್ಚಿನವರ ಪೂರ್ವಿಕರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು.