ಕಾಲೇಜು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಖರೀದಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗ್ರಾಹಕರಿಗೆ ಮಾಹಿತಿ

ಪದವಿ, ಡಿಪ್ಲೊಮಾ ಹಾಗೂ ಇಂಜಿನಿಯರಿಂಗ್ ತರಗತಿಗಳಿಗೆ ಪ್ರವೇಶ ಪಡೆದ ವಿದ್ಯಾರ್ಥಿಗಳ ಪೋಷಕರು ಶೈಕ್ಷಣಿಕ ವರ್ಷದ ಆರಂಭದಲ್ಲಿ ಲ್ಯಾಪ್‌ಟಾಪ್ ಖರೀದಿಸುವುದು ಈಗ ಸಾಮಾನ್ಯವಾಗಿದೆ. ಬೆಳಗಾವಿ ಜಿಲ್ಲೆಯ ಈ ಐದು ಗಡಿ ತಾಲ್ಲೂಕುಗಳಲ್ಲಿ ಅನೇಕ ಕುಟುಂಬಗಳು ಈ ಹಣವನ್ನು ಕಬ್ಬಿನ ಬಿಲ್ಲಿನಿಂದಲೋ, ಡೇರಿಯ ಬಟವಾಡೆಯಿಂದಲೋ, ಸಾಲದಿಂದಲೋ ಹೊಂದಿಸಿರುತ್ತವೆ. ವ್ಯಾಸಂಗದ ಮೂರು ಅಥವಾ ನಾಲ್ಕು ವರ್ಷಗಳಲ್ಲಿ ಇಷ್ಟೇ ಹಣವನ್ನು ಎರಡನೆಯ ಬಾರಿ ಹೊಂದಿಸುವುದು ಸುಲಭಸಾಧ್ಯವಲ್ಲ. ಆದ್ದರಿಂದ 35,000 ರೂ.ಗಳಿಂದ 50,000 ರೂ.ಗಳ ಮಿತಿಯಲ್ಲಿ ಖರೀದಿಸಬಯಸುವ ಗ್ರಾಹಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಈ ಭಾಗದಲ್ಲಿ ಲ್ಯಾಪ್‌ಟಾಪಿನ ವಿಶ್ವಾಸಾರ್ಹತೆಯು ಅದರ ಕಂಪನಿಗಿಂತಲೂ ಹೆಚ್ಚಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಕೆಟ್ಟಾಗ ದುರಸ್ತಿ ಎಲ್ಲಿ ಆಗುತ್ತದೆ ಎಂಬುದು, ಹಾಗೂ ಖರೀದಿಯ ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದು.

ಖರೀದಿಗೆ ಮುನ್ನ

ಮೊದಲು ವಿದ್ಯಾರ್ಥಿಯು ತನ್ನ ವಿಭಾಗದ ಉಪನ್ಯಾಸಕರನ್ನು ವಿಚಾರಿಸಿ, ಯಾವ ತಂತ್ರಾಂಶಗಳು ಬೇಕಾಗುತ್ತವೆ ಎಂಬುದನ್ನು ಬರೆದುಕೊಳ್ಳತಕ್ಕದ್ದು. ಬಿ.ಎ. ಹಾಗೂ ಬಿ.ಕಾಂ. ವಿದ್ಯಾರ್ಥಿಗಳಿಗೆ ಬೆರಳಚ್ಚು, ಲೆಕ್ಕಪತ್ರ ಹಾಗೂ ಅಂತರಜಾಲದ ಕೆಲಸವೇ ಮುಖ್ಯವಾಗಿರುವುದರಿಂದ 8 ಜಿ.ಬಿ. ಮೆಮೊರಿಯುಳ್ಳ ಸಾಧಾರಣ ಯಂತ್ರ ಸಾಕಾಗುತ್ತದೆ. ಬಿ.ಸಿ.ಎ. ಹಾಗೂ ಗಣಕ ವಿಜ್ಞಾನ ವಿದ್ಯಾರ್ಥಿಗಳಿಗೆ ಮೊಬೈಲ್ ಆ್ಯಪ್ ರೂಪಿಸುವಂತಹ ಕೆಲಸಗಳಲ್ಲಿ 8 ಜಿ.ಬಿ. ಕಡಿಮೆಯೆನಿಸುತ್ತದೆ, ಅವರಿಗೆ 16 ಜಿ.ಬಿ. ಸೂಕ್ತ. ಮೆಕ್ಯಾನಿಕಲ್ ಮತ್ತು ಸಿವಿಲ್ ವಿಭಾಗದವರು ರೇಖಾಚಿತ್ರದ ಭಾರಿ ತಂತ್ರಾಂಶಗಳನ್ನು ಯಾವ ಸೆಮಿಸ್ಟರಿನಲ್ಲಿ ಬಳಸಬೇಕಾಗುತ್ತದೆ ಎಂದು ಕೇಳಿ ತಿಳಿಯುವುದು ಒಳಿತು. ಅದು ಮೂರನೆಯ ವರ್ಷದ ವಿಷಯವಾಗಿದ್ದು ಕಾಲೇಜಿನ ಪ್ರಯೋಗಾಲಯದಲ್ಲಿಯೇ ಆಗುವುದಾದರೆ ಪ್ರತ್ಯೇಕ ಗ್ರಾಫಿಕ್ಸ್ ಇರುವ ದುಬಾರಿ ಯಂತ್ರದ ಅವಶ್ಯಕತೆ ಇರುವುದಿಲ್ಲ.

ಬೆಳಗಾವಿಯೋ, ಕೊಲ್ಹಾಪುರವೋ

ನಿಪ್ಪಾಣಿಯವರಿಗೆ ಕೊಲ್ಹಾಪುರವು ಬೆಳಗಾವಿಗಿಂತ ಹತ್ತಿರ. ಕಾಗವಾಡದವರಿಗೆ ಮಿರಜ್ ಹಾಗೂ ಸಾಂಗಲಿ ಸನಿಹದ ಪೇಟೆಗಳು. ಜಿಲ್ಲಾ ಕೇಂದ್ರ ಬೆಳಗಾವಿಯು ನೂರು ಕಿಲೋಮೀಟರಿಗೂ ದೂರ. ಅಥಣಿಯವರು ವಿಜಯಪುರಕ್ಕೂ ಹೋಗುತ್ತಾರೆ. ರಾಯಬಾಗ, ಕುಡಚಿ, ಉಗಾರ ಹಾಗೂ ಶೇಡಬಾಳದವರಿಗೆ ಬೆಳಗಾವಿ-ಮಿರಜ್ ರೈಲು ಮಾರ್ಗವಿರುವುದರಿಂದ ಎರಡೂ ಕಡೆ ಅನುಕೂಲವಿದೆ. ಹೀಗಾಗಿ ಮಹಾರಾಷ್ಟ್ರದಲ್ಲಿ ಕೊಂಡರೆ ತೆರಿಗೆ ಕಡಿಮೆಯೇ, ವಾರಂಟಿ ಇಲ್ಲಿ ನಡೆಯುವುದೇ ಎಂಬ ಪ್ರಶ್ನೆಗಳು ಸಹಜವಾಗಿ ಏಳುತ್ತವೆ.

ತೆರಿಗೆಯಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ. ಲ್ಯಾಪ್‌ಟಾಪಿನ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ದೇಶದಾದ್ಯಂತ ಶೇ. 18 ಇದೆ. ಬಿಲ್ಲಿನಲ್ಲಿ ನಮೂದಾಗಿರುವ ಜಿ.ಎಸ್.ಟಿ. ನೋಂದಣಿ ಸಂಖ್ಯೆಯ ಮೊದಲ ಎರಡು ಅಂಕಿಗಳು ಕರ್ನಾಟಕದ ವ್ಯಾಪಾರಿಗೆ 29, ಮಹಾರಾಷ್ಟ್ರದ ವ್ಯಾಪಾರಿಗೆ 27 ಆಗಿರುತ್ತವೆ. ಈ ಸಂಖ್ಯೆಯೇ ಇಲ್ಲದ ಚೀಟಿಯು ತೆರಿಗೆ ಬಿಲ್ಲು ಎನಿಸುವುದಿಲ್ಲ. ತಯಾರಕರ ವಾರಂಟಿಯು ಸಾಮಾನ್ಯವಾಗಿ ಭಾರತದಲ್ಲಿ ಮಾರಾಟವಾದ ಯಂತ್ರಕ್ಕೆ ದೇಶದ ಎಲ್ಲೆಡೆ ಅನ್ವಯಿಸುತ್ತದೆ. ಆದರೆ ಅಂಗಡಿಯವರು ತಮ್ಮ ಮುದ್ರೆ ಒತ್ತಿ ಕೊಡುವ "ಅಂಗಡಿ ವಾರಂಟಿ" ಆ ಅಂಗಡಿಯ ಬಾಗಿಲಿಗಷ್ಟೇ ಸೀಮಿತ. ಇವೆರಡರಲ್ಲಿ ಯಾವುದನ್ನು ನೀಡಲಾಗುತ್ತಿದೆ ಎಂಬುದನ್ನು ಹಣ ಪಾವತಿಸುವ ಮುನ್ನವೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ಇದಕ್ಕಿಂತ ಮುಖ್ಯವಾದುದು ಸೇವೆಯ ವಿಧಾನ. ಕೆಲವು ಮಾದರಿಗಳಿಗೆ ತಂತ್ರಜ್ಞರು ಮನೆಗೇ ಬಂದು ದುರಸ್ತಿ ಮಾಡುವ ಸೌಲಭ್ಯವಿದ್ದರೆ, ಇನ್ನು ಕೆಲವನ್ನು ಗ್ರಾಹಕರೇ ಸೇವಾ ಕೇಂದ್ರಕ್ಕೆ ಒಯ್ಯಬೇಕಾಗುತ್ತದೆ. ಮನೆ ಸೇವೆಯು ಎಲ್ಲ ಪಿನ್ ಕೋಡುಗಳಿಗೂ ಲಭ್ಯವಿರುವುದಿಲ್ಲ. ಆದ್ದರಿಂದ ಕಂಪನಿಯ ಉಚಿತ ದೂರವಾಣಿಗೆ ಕರೆ ಮಾಡಿ, ಅಂಗಡಿಯ ಪಿನ್ ಕೋಡನ್ನಲ್ಲದೆ ತಮ್ಮ ಸ್ವಂತ ಊರಿನ ಪಿನ್ ಕೋಡನ್ನೇ ತಿಳಿಸಿ ವಿಚಾರಿಸತಕ್ಕದ್ದು. ಮನೆ ಸೇವೆ ಇಲ್ಲವೆಂದಾದಲ್ಲಿ ಅಧಿಕೃತ ಸೇವಾ ಕೇಂದ್ರವು ಯಾವ ಊರಿನಲ್ಲಿದೆ, ಒಂದೇ ದಿನದಲ್ಲಿ ಬಸ್ಸಿನಲ್ಲಿ ಹೋಗಿ ಬರಬಹುದೇ ಎಂದು ನೋಡಬೇಕು. ಎರಡು ಸಾವಿರ ರೂಪಾಯಿ ಕಡಿಮೆಗೆ ದೊರೆತ ಯಂತ್ರಕ್ಕಾಗಿ ಪರೀಕ್ಷೆಯ ತಿಂಗಳಿನಲ್ಲಿ ಪುಣೆಗೆ ಪಾರ್ಸೆಲ್ ಕಳುಹಿಸಿ ಕಾಯುವುದು ಲಾಭದ ವ್ಯವಹಾರವಲ್ಲ.

ಯಂತ್ರದ ಒಳಗೆ ನೋಡಬೇಕಾದುದು

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಸಂಖ್ಯೆಗಳು ಹಲವು ವೇಳೆ ದಾರಿ ತಪ್ಪಿಸುತ್ತವೆ. ಎ.ಎಂ.ಡಿ. ಕಂಪನಿಯ ರೈಜೆನ್ 5 7520ಯು ಹಾಗೂ ರೈಜೆನ್ 5 7530ಯು ಎಂಬ ಎರಡು ಪ್ರೊಸೆಸರುಗಳನ್ನು ಉದಾಹರಣೆಯಾಗಿ ನೋಡಬಹುದು. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸವಿದ್ದರೂ ಮೊದಲನೆಯದು ನಾಲ್ಕು ಕೋರ್‌ಗಳ ಹಳೆಯ ವಿನ್ಯಾಸ, ಎರಡನೆಯದು ಆರು ಕೋರ್‌ಗಳ ಮುಂದಿನ ಪೀಳಿಗೆ. ಈ ಸಾಲಿನಲ್ಲಿ ಮೊದಲ ಅಂಕಿಯು ಮಾರಾಟದ ವರ್ಷವನ್ನಷ್ಟೇ ಸೂಚಿಸುತ್ತದೆ. ವಿನ್ಯಾಸದ ಪೀಳಿಗೆಯು ಮೂರನೆಯ ಅಂಕಿಯಲ್ಲಿದೆ. ಇಂಟೆಲ್ ಕಂಪನಿಯ ಪ್ರೊಸೆಸರುಗಳಲ್ಲಿಯೂ "ಐ3" ಎಂಬುದರ ಮುಂದೆ "ಎನ್" ಅಕ್ಷರವಿರುವ ಮಾದರಿಗಳು ಕಡಿಮೆ ವಿದ್ಯುತ್ ಬಳಸುವ ಬೇರೆಯೇ ವರ್ಗಕ್ಕೆ ಸೇರುತ್ತವೆ. ಬಿ.ಎ. ವಿದ್ಯಾರ್ಥಿಗೆ ಅವು ಸಾಕಾಗಬಹುದು, ಆದರೆ ಸಾಮಾನ್ಯ ಐ3 ಬೆಲೆಗೆ ಅವನ್ನು ಕೊಳ್ಳಬಾರದು. ಬರೆದುಕೊಂಡು ಹೋಗಬೇಕಾದುದು ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು. "ಐ3 ಕೊಡಿ" ಎಂದಷ್ಟೇ ಕೇಳಿದಲ್ಲಿ ಅಂಗಡಿಯಲ್ಲಿ ಉಳಿದಿರುವುದೇ ಕೈಗೆ ಬರುತ್ತದೆ.

ಮೆಮೊರಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮುಂದೆ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೇ? ತೆಳುವಾದ ಹಲವು ಮಾದರಿಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಲಾಗಿರುತ್ತದೆ. ಅಂತಹುದರಲ್ಲಿ 8 ಜಿ.ಬಿ. ಕೊಂಡರೆ ಕೊನೆಯವರೆಗೂ 8 ಜಿ.ಬಿ.ಯೇ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿದ್ದರಿಂದ, ಹಿಂದಿನ ವರ್ಷ ನೆರೆಹೊರೆಯವರು ಕೊಟ್ಟ ಬೆಲೆಯನ್ನು ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ. ಸಂಗ್ರಹಕ್ಕೆ ಎಸ್.ಎಸ್.ಡಿ. ಇರತಕ್ಕದ್ದು, 512 ಜಿ.ಬಿ. ಇದ್ದಲ್ಲಿ ಉತ್ತಮ. ಇ.ಎಂ.ಎಂ.ಸಿ. ಎಂದು ಬರೆದಿರುವ 64 ಅಥವಾ 128 ಜಿ.ಬಿ. ಯಂತ್ರಗಳನ್ನು ಕಾಲೇಜಿನ ಕೆಲಸಕ್ಕೆ ಕೊಳ್ಳದಿರುವುದು ಸೂಕ್ತ.

ಕನ್ನಡದಲ್ಲಿ ಪ್ರಬಂಧ ಬರೆಯುವವರಿಗೆ ಪ್ರತ್ಯೇಕ ವೆಚ್ಚವಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ, ವಿಂಡೋಸ್‌ನಲ್ಲಿಯೇ ಕನ್ನಡ ಕೀಲಿಮಣೆಯೂ ಇದೆ. ಯೂನಿಕೋಡ್‌ನಲ್ಲಿ ಬೆರಳಚ್ಚಿಸಿದ ಕಡತವು ಬೇರೆ ಯಂತ್ರದಲ್ಲಿ ತೆರೆದಾಗಲೂ ಅಕ್ಷರಗಳು ಕೆಡುವುದಿಲ್ಲ. ಕಚೇರಿ ಕೆಲಸದ ತಂತ್ರಾಂಶಕ್ಕೆ ಹಣ ನೀಡಲಾಗದವರು ಉಚಿತವಾದ ಲಿಬ್ರೆ ಆಫೀಸ್ ಬಳಸಬಹುದು.

ವಿದ್ಯುತ್ ಹಾಗೂ ಮಳೆಗಾಲ

ತೋಟದ ಮನೆಗಳಲ್ಲಿ ವಾಸಿಸುವ ವಿದ್ಯಾರ್ಥಿಗಳು ಬ್ಯಾಟರಿಯ ಸಾಮರ್ಥ್ಯಕ್ಕೆ ಹೆಚ್ಚು ಗಮನ ನೀಡತಕ್ಕದ್ದು. "10 ಗಂಟೆ ಬಾಳಿಕೆ" ಎಂಬ ಜಾಹೀರಾತಿನ ಬದಲು ವ್ಯಾಟ್-ಅವರ್ ಎಂಬ ಅಳತೆಯನ್ನು ನೋಡಬೇಕು. ಓದು-ಬರಹದ ಸಾಧಾರಣ ಕೆಲಸಕ್ಕೆ ಯಂತ್ರವು ಗಂಟೆಗೆ ಸುಮಾರು 10 ವ್ಯಾಟ್-ಅವರ್ ಬಳಸುತ್ತದೆ ಎಂದುಕೊಂಡರೆ, 40 ವ್ಯಾಟ್-ಅವರ್ ಬ್ಯಾಟರಿ ಹೊಸದಿದ್ದಾಗ ನಾಲ್ಕು ಗಂಟೆ ಬರುತ್ತದೆ. ಎರಡು-ಮೂರು ವರ್ಷಗಳ ನಂತರ ಅಷ್ಟು ಬರುವುದಿಲ್ಲ.

ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲನೆಯಾದಾಗ ವೋಲ್ಟೇಜ್ ಕುಸಿಯುವುದರಿಂದ ಲ್ಯಾಪ್‌ಟಾಪ್ ಕೆಡುತ್ತದೆಂಬ ಭಯ ಬಹಳಷ್ಟು ಮಟ್ಟಿಗೆ ಆಧಾರರಹಿತ. ಚಾರ್ಜರಿನ ಮೇಲೆ "100-240 ವೋಲ್ಟ್" ಎಂದು ಮುದ್ರಿತವಾಗಿದ್ದಲ್ಲಿ ಸ್ಟೆಬಿಲೈಸರ್ ಬೇಕಾಗಿಲ್ಲ. ನಿಜವಾದ ಅಪಾಯವಿರುವುದು ನ್ಯೂಟ್ರಲ್ ತಂತಿ ಕಡಿದಾಗ ಹಾಗೂ ಸಿಡಿಲಿನ ಸಮಯದಲ್ಲಿ ಒಮ್ಮೆಲೇ ಏರುವ ವೋಲ್ಟೇಜಿನಿಂದ. ಅರ್ಥಿಂಗ್ ಸರಿಯಾಗಿರುವ ಮೂರು ಪಿನ್ನಿನ ಪ್ಲಗ್ ಬಳಸುವುದು, ಗುಡುಗು-ಮಳೆ ಆರಂಭವಾದೊಡನೆ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವುದು ಇದಕ್ಕೆ ಪರಿಹಾರ. ಹಾಳಾದ ಚಾರ್ಜರಿಗೆ ಬದಲಾಗಿ ಬಿ.ಐ.ಎಸ್. ನೋಂದಣಿ ಸಂಖ್ಯೆ ಇಲ್ಲದ ಅಗ್ಗದ ಚಾರ್ಜರನ್ನು ಕೊಳ್ಳತಕ್ಕದ್ದಲ್ಲ. ಈ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳಿನಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳ ಪ್ರವಾಹದಿಂದ ಈ ಭಾಗದ ನದಿ ತೀರದ ಗ್ರಾಮಗಳು ಜಲಾವೃತಗೊಂಡಿದ್ದವು. ತಯಾರಕರ ಸಾಧಾರಣ ವಾರಂಟಿಯು ನೀರಿನಿಂದ ಆದ ಹಾನಿಗೆ ಅನ್ವಯಿಸುವುದಿಲ್ಲ. ನದಿ ತೀರದವರು ಆಕಸ್ಮಿಕ ಹಾನಿ ರಕ್ಷಣೆಯನ್ನು ಪ್ರತ್ಯೇಕವಾಗಿ ಪಡೆಯುವುದಿದ್ದಲ್ಲಿ, ಪ್ರವಾಹದ ಹಾನಿ ಅದರಲ್ಲಿ ಸೇರಿದೆಯೇ ಎಂದು ಷರತ್ತುಗಳನ್ನು ಓದಿ ತಿಳಿಯತಕ್ಕದ್ದು.

ಬಳಸಿದ ಲ್ಯಾಪ್‌ಟಾಪ್

ಕಚೇರಿಗಳಲ್ಲಿ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಯಂತ್ರಗಳು 15,000-20,000 ರೂ.ಗಳಿಗೆ ದೊರೆಯುವುದುಂಟು, ಅವೆಲ್ಲವೂ ಕೆಟ್ಟವಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಸಾಮಾನ್ಯವಾಗಿ ಇಂಟೆಲ್ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಅವಶ್ಯ. 6 ಮತ್ತು 7ನೇ ಪೀಳಿಗೆಯ ಯಂತ್ರಗಳು ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಬಳಸಬಲ್ಲವರನ್ನು ಬಿಟ್ಟು ಉಳಿದವರು ಅವುಗಳನ್ನು ಕೊಳ್ಳಬಾರದು. ಯಂತ್ರದ ಕೆಳಭಾಗದ ಸೀರಿಯಲ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿದಲ್ಲಿ ವಾರಂಟಿಯ ಅವಧಿ ತಿಳಿಯುತ್ತದೆ. "ಹೊಸದು" ಎಂದು ಮಾರುವ ಯಂತ್ರದ ವಾರಂಟಿ ಎಂಟು ತಿಂಗಳ ಹಿಂದೆಯೇ ಆರಂಭವಾಗಿದ್ದರೆ ಅಲ್ಲಿಯೇ ಪ್ರಶ್ನಿಸತಕ್ಕದ್ದು.

ಸಾಲ ಹಾಗೂ ಉಚಿತ ವಿತರಣೆಯ ಸಂದೇಶಗಳು

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸ್ ಪೂರ್ಣಗೊಳಿಸಲು ಅವಶ್ಯವಿದ್ದಲ್ಲಿ ಗಣಕಯಂತ್ರದ ಖರೀದಿ ವೆಚ್ಚವನ್ನೂ ಸೇರಿಸಲು ಅವಕಾಶವಿದೆ. ಶಿಕ್ಷಣ ಸಾಲಕ್ಕೆ ಅರ್ಜಿ ಸಲ್ಲಿಸುವವರು ಕಾಲೇಜಿನಿಂದ ಅವಶ್ಯಕತಾ ಪತ್ರ ಹಾಗೂ ಅಂಗಡಿಯಿಂದ ದರಪಟ್ಟಿ ಪಡೆದು ಅರ್ಜಿಯೊಂದಿಗೇ ಲಗತ್ತಿಸುವುದು ಸೂಕ್ತ. ಅಂಗಡಿಯ ಮಾಸಿಕ ಕಂತಿಗೆ ಒಪ್ಪುವ ಮುನ್ನ ಈ ದಾರಿಯನ್ನು ವಿಚಾರಿಸಬೇಕು. ವಿದ್ಯಾರ್ಥಿವೇತನದ ಹಣವು ಪ್ರವೇಶದ ಸಮಯದಲ್ಲಿಯೇ ಕೈಸೇರುವುದಿಲ್ಲವಾದ್ದರಿಂದ ಅದನ್ನು ನಂಬಿ ಕಂತು ಕಟ್ಟುವ ಕರಾರಿಗೆ ಸಹಿ ಹಾಕಬಾರದು.

ಕಾಲೇಜು ಶಿಕ್ಷಣ ಇಲಾಖೆಯು 2020ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ವಿತರಿಸಿತ್ತು. ಅದರ ನೆನಪಿನಿಂದಲೇ ಮೊಬೈಲಿಗೆ ಬರುವ ಉಚಿತ ಲ್ಯಾಪ್‌ಟಾಪ್ ಸಂದೇಶಗಳನ್ನು ಜನರು ನಂಬುತ್ತಾರೆ. "ಪ್ರಧಾನಮಂತ್ರಿ ಉಚಿತ ಲ್ಯಾಪ್‌ಟಾಪ್" ಎಂಬ ಸಂದೇಶಗಳು ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆಯು ತಿಳಿಸಿದೆ. ಯಾವುದೇ ಯೋಜನೆಯ ಖಚಿತತೆಯನ್ನು ಕಾಲೇಜಿನ ಪ್ರಾಂಶುಪಾಲರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಆಧಾರ್ ಸಂಖ್ಯೆ, ಒ.ಟಿ.ಪಿ. ಅಥವಾ "ನೋಂದಣಿ ಶುಲ್ಕ" ನೀಡಬಾರದು. ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಬಿಲ್ಲು ಹಾಗೂ ದೂರು

"ಬಿಲ್ಲು ಬೇಡವೆಂದರೆ ಕಡಿಮೆಗೆ ಕೊಡುತ್ತೇವೆ" ಎಂಬ ಮಾತು ಹಲವರನ್ನು ಸೆಳೆಯುತ್ತದೆ. 45,000 ರೂ.ಗಳ ಬೆಲೆಯಲ್ಲಿ ತೆರಿಗೆಯ ಪಾಲು ಸುಮಾರು 6,864 ರೂ. ಇರುವುದರಿಂದ ಆಮಿಷ ಸಣ್ಣದಲ್ಲ. ಆದರೆ ಬಿಲ್ಲಿಲ್ಲದ ಗ್ರಾಹಕನಿಗೆ ತಾನು ಕೊಂಡದ್ದನ್ನು ರುಜುವಾತುಪಡಿಸುವುದೇ ಕಷ್ಟವಾಗುತ್ತದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ಲು ನೀಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ ವ್ಯಾಖ್ಯೆಯಲ್ಲಿ ಬರುತ್ತದೆ. ಬಿಲ್ಲಿನಲ್ಲಿ ಖರೀದಿಸಿದವರ ಹೆಸರು, ಪೂರ್ಣ ಮಾದರಿ ಸಂಖ್ಯೆ ಹಾಗೂ ಸೀರಿಯಲ್ ಸಂಖ್ಯೆ ಇರತಕ್ಕದ್ದು. ಪರಿಚಯದವರ ಮೂಲಕ ರಿಯಾಯಿತಿಗಾಗಿ ಬೇರೆಯವರ ಹೆಸರಿನಲ್ಲಿ ಬಿಲ್ಲು ಮಾಡಿಸಿದಲ್ಲಿ ದೂರಿನ ಸಮಯದಲ್ಲಿ ತೊಡಕಾಗುತ್ತದೆ.

ಅಂತರಜಾಲದಲ್ಲಿ ಕೊಂಡವರು ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಉತ್ತಮ. ಇ-ವಾಣಿಜ್ಯ ನಿಯಮಗಳು, 2020ರಂತೆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಯು ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕಾಗಿರುತ್ತದೆ.

ಅಂಗಡಿ ಹಾಗೂ ಕಂಪನಿಯಿಂದ ಪರಿಹಾರ ದೊರೆಯದಿದ್ದಲ್ಲಿ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸತಕ್ಕದ್ದು. ಗಡಿ ಭಾಗದವರಿಗೆ ಮುಖ್ಯವಾದ ಅಂಶವೆಂದರೆ, 2020ರ ಜುಲೈ 20ರಂದು ಜಾರಿಗೆ ಬಂದ ಈ ಅವಕಾಶದಂತೆ ದೂರುದಾರರು ತಾವು ವಾಸಿಸುವ ಸ್ಥಳದ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಸಾಂಗಲಿಯಲ್ಲಿ ಕೊಂಡ ಕಾಗವಾಡದ ನಿವಾಸಿಯು ಸಾಂಗಲಿಗೆ ಅಲೆಯಬೇಕಾಗಿಲ್ಲ, ಬೆಳಗಾವಿಯ ಜಿಲ್ಲಾ ಆಯೋಗವೇ ಸಾಕು. 5 ಲಕ್ಷ ರೂ.ಗಳವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ನೇಮಿಸುವುದೂ ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದಾಗಿದೆ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ದೂರಿನೊಂದಿಗೆ ಬಿಲ್ಲು, ವಾರಂಟಿ ಪತ್ರ, ಸೇವಾ ಕೇಂದ್ರವು ಪ್ರತಿ ಭೇಟಿಯಲ್ಲಿ ನೀಡಿದ ಜಾಬ್ ಶೀಟ್ ಹಾಗೂ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಬೇಕು. ಯಂತ್ರವನ್ನು ದುರಸ್ತಿಗೆ ಒಪ್ಪಿಸುವಾಗ ಜಾಬ್ ಶೀಟ್ ಪಡೆಯದೆ ಹಿಂದಿರುಗತಕ್ಕದ್ದಲ್ಲ.