ಶಿವಪುರಕ್ಕೆ ಹೋದ ನಮ್ಮೂರ ವಕೀಲರು

ದೊಡ್ಡಬಳ್ಳಾಪುರ ಎಂದರೆ ಹೊರಗಿನವರಿಗೆ ಮಗ್ಗ, ಸೀರೆ. ವಕೀಲರ ಗುಮಾಸ್ತನಾಗಿ ಆಯುಷ್ಯ ಸವೆಸಿದ ನನಗೆ ಮಾತ್ರ ಮೊದಲು ನೆನಪಾಗುವುದು ಟಿ. ಸಿದ್ಧಲಿಂಗಯ್ಯನವರ ಹೆಸರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದಾಗ ಅದರ ಅಧ್ಯಕ್ಷರಾಗಿದ್ದವರು ನಮ್ಮೂರಿನ ಈ ವಕೀಲರೇ.

ಹಿಂದಿನ ವರ್ಷವಷ್ಟೇ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದಿದ್ದವು. ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು ನಿಜ, ಆದರೆ ದಿವಾನರನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ಕಾಂಗ್ರೆಸ್ ಕೇಳಿದ್ದು ಜನಪ್ರತಿನಿಧಿಗಳಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ತ್ರಿವರ್ಣ ಧ್ವಜ ಹಾರಿಸಬಾರದೆಂದಿತು. ಸಾಹುಕಾರ್ ಚೆನ್ನಯ್ಯ, ಎಚ್.ಕೆ. ವೀರಣ್ಣಗೌಡರಂಥವರು ಕಟ್ಟಿದ ಶಿವಪುರದ ಅಧಿವೇಶನಕ್ಕೆ ಸಾವಿರಾರು ರೈತರು ಬಂದರು. ಧ್ವಜ ಹಾರಿತು, ಮುಖಂಡರು ಜೈಲಿಗೆ ಹೋದರು.

ಆ ಕಾಲದ ಮುಂದಾಳುಗಳ ಹೆಸರು ನೋಡಿ: ಕೆ.ಸಿ. ರೆಡ್ಡಿ, ಕೆ.ಟಿ. ಭಾಷ್ಯಂ, ಎಚ್.ಸಿ. ದಾಸಪ್ಪ, ಕೆಂಗಲ್ ಹನುಮಂತಯ್ಯ. ಎಲ್ಲರೂ ವಕೀಲರು. ಇದು ಕಾಕತಾಳೀಯವಲ್ಲ. ಸರ್ಕಾರಿ ನೌಕರ ಬಾಯಿ ಬಿಟ್ಟರೆ ನೌಕರಿ ಹೋಗುತ್ತಿತ್ತು. ವಕೀಲನ ಅನ್ನ ದಿವಾನರ ಕೈಯಲ್ಲಿರಲಿಲ್ಲ, ಕಕ್ಷಿದಾರರ ಕೈಯಲ್ಲಿತ್ತು. ಹಳ್ಳಿಯ ಕಷ್ಟ, ಕಂದಾಯದ ತಕರಾರು, ಪೊಲೀಸರ ವರ್ತನೆ, ಎಲ್ಲವೂ ಅವನ ಮೇಜಿಗೇ ಬರುತ್ತಿದ್ದವು.

ಆದರೆ ಗುಮಾಸ್ತನಿಗೆ ಗೊತ್ತಿರುವ ಇನ್ನೊಂದು ಲೆಕ್ಕವಿದೆ. ವಕೀಲರು ಜೈಲು ಸೇರಿದರೆ ವಾಯಿದೆಗಳು ನಿಲ್ಲುವುದಿಲ್ಲ. ಕಕ್ಷಿದಾರ ಎಷ್ಟು ದಿನ ಕಾದಾನು? ವಕಾಲತ್ತು ಬೇರೆಯವರ ಕೈಗೆ ಹೋಗುತ್ತದೆ, ಫೀಸು ನಿಲ್ಲುತ್ತದೆ. ಮನೆಯ ಬಾಡಿಗೆ, ಮಕ್ಕಳ ಓದು, ಬಂದುಹೋಗುವ ನೆಂಟರು ಮಾತ್ರ ನಿಲ್ಲುವುದಿಲ್ಲ. ಆ ಭಾರ ಹೊತ್ತದ್ದು ಹೆಂಗಸರು. ಕೆಲವರು ಅಷ್ಟಕ್ಕೇ ನಿಲ್ಲಲಿಲ್ಲ. ದಾಸಪ್ಪನವರ ಪತ್ನಿ ಯಶೋಧರಮ್ಮ ತಾವೇ ಚಳವಳಿಗಿಳಿದರು, ಮುಂದೆ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾದರು, ಪಾನನಿಷೇಧ ಸಡಿಲಿಸಿದ್ದನ್ನು ವಿರೋಧಿಸಿ ರಾಜೀನಾಮೆಯನ್ನೂ ಕೊಟ್ಟರು.

ಶಿವಪುರದ ಕಾವು ಆರುವ ಮೊದಲೇ, ಏಪ್ರಿಲ್ 25ರಂದು, ನಮ್ಮ ನೆರೆಯ ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು, ಹೆಣಗಳು ಬಿದ್ದವು. ವಲ್ಲಭಭಾಯಿ ಪಟೇಲ್, ಕೃಪಲಾನಿ ಬಂದು ದಿವಾನರೊಡನೆ ಮಾತಾಡಿದರು. ಮೇ ತಿಂಗಳ ಮಿರ್ಜಾ-ಪಟೇಲ್ ಒಪ್ಪಂದದಿಂದ ರಾಜ್ಯದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಜವಾಬ್ದಾರಿ ಸರ್ಕಾರಕ್ಕೆ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಆಮೇಲೆ ಸಿದ್ಧಲಿಂಗಯ್ಯನವರು ಮೈಸೂರಿನ ಪ್ರತಿನಿಧಿಯಾಗಿ ಸಂವಿಧಾನ ಸಭೆಯಲ್ಲಿ ಕೂತರು.

ಧ್ವಜ ಹಾರಿಸಿದವರ ಹೆಸರು ಪುಸ್ತಕಕ್ಕೆ ಬಂತು. ಅವರು ಒಳಗಿದ್ದಾಗ ಮನೆ ನಡೆಸಿದವರ ಹೆಸರು ಬರಲಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳೆಯ ಮನೆಗಳಲ್ಲಿ ಆ ಕಥೆ ಹೇಳಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಓದುಬರಹ ಬಲ್ಲ ಮೊಮ್ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂರಲಿ.