ಸಂಯೋಜಿತ ಹಾರ್ಮೋನ್ ಚಿಕಿತ್ಸೆ (ಮುಂದುವರಿದ ಸ್ತನ ಕ್ಯಾನ್ಸರ್)

ಈಸ್ಟ್ರೋಜನ್ನಿನ ಬಲದಿಂದ ಬೆಳೆದು ಇತರ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರನ್ನು ಎರಡು ಹಾರ್ಮೋನ್ ಔಷಧಗಳಿಂದ ಒಟ್ಟಿಗೆ ತಡೆಯುವ ವಿಧಾನ. ಅನಾಸ್ಟ್ರೋಜೋಲ್ ಮಾತ್ರೆ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ತಗ್ಗಿಸುತ್ತದೆ. ಫುಲ್ವೆಸ್ಟ್ರಾಂಟ್ ಚುಚ್ಚುಮದ್ದು ಜೀವಕೋಶದಲ್ಲಿರುವ ಈಸ್ಟ್ರೋಜನ್ ಗ್ರಾಹಕವನ್ನು ನಾಶಪಡಿಸುತ್ತದೆ.

ಮುಟ್ಟು ನಿಂತ ಸುಮಾರು 700 ಮಹಿಳೆಯರ ಮೇಲೆ ಅಮೆರಿಕದ ಸ್ವಾಗ್ ಸಂಶೋಧನಾ ಬಳಗ ನಡೆಸಿದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಹೊರಬಂತು. ರೋಗ ಉಲ್ಬಣಿಸದೆ ಉಳಿದ ಅವಧಿಯ ಮಧ್ಯಾಂಕ ಅನಾಸ್ಟ್ರೋಜೋಲ್ ಒಂದರಿಂದ 13.5 ತಿಂಗಳು, ಎರಡೂ ಸೇರಿದಾಗ 15. 2019ರ ಅಂತಿಮ ವರದಿಯಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ 42ರಿಂದ 49.8 ತಿಂಗಳಿಗೆ ಏರಿತ್ತು. ಮೊದಲು ಟ್ಯಾಮಾಕ್ಸಿಫೆನ್ ಎಂಬ ಹಾರ್ಮೋನ್ ಔಷಧ ತೆಗೆದುಕೊಳ್ಳದವರಿಗೆ ಲಾಭ ಹೆಚ್ಚು. ಫ್ಯಾಕ್ಟ್ ಹಾಗೂ ಸೋಫಿಯಾ ಎಂಬ ಇನ್ನೆರಡು ಪರೀಕ್ಷೆಗಳಲ್ಲಿ ಇಂಥ ಲಾಭ ಕಾಣಲಿಲ್ಲ. ಅವುಗಳಲ್ಲಿ ಹಲವರು ಹಿಂದೆಯೇ ಹಾರ್ಮೋನ್ ಚಿಕಿತ್ಸೆ ಪಡೆದವರು. ಆದ್ದರಿಂದ ಈ ಜೋಡಿಯನ್ನು ಎಲ್ಲರಿಗೂ ಒಪ್ಪುವ ಮದ್ದೆಂದು ಭಾವಿಸಲಾಗದು. ಇಂದು ಹಾರ್ಮೋನ್ ಔಷಧದೊಂದಿಗೆ ಜೀವಕೋಶ ವಿಭಜನೆ ತಡೆಯುವ ಪಾಲ್ಬೊಸೈಕ್ಲಿಬ್, ರೈಬೊಸೈಕ್ಲಿಬ್‌ನಂಥ ಮಾತ್ರೆಗಳನ್ನು ಸೇರಿಸುವುದೇ ಹೆಚ್ಚು ರೂಢಿ.

ಆಯ್ಕೆಗೆ ಮುನ್ನ ಗಡ್ಡೆಯ ತುಣುಕಿನಲ್ಲಿ ಹಾರ್ಮೋನ್ ಗ್ರಾಹಕದ ಪರೀಕ್ಷೆ ಆಗಲೇಬೇಕು. ಕೊಡಗಿನ ವಿರಾಜಪೇಟೆಯಂಥ ಊರಿನವರು ತಜ್ಞ ಚಿಕಿತ್ಸೆಗೆ ಮೈಸೂರಿಗೋ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೋ ಹೋಗಬೇಕು. ಮನೆಯಲ್ಲೇ ನುಂಗುವ ಮಾತ್ರೆಗೂ ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಪಡೆಯುವ ಚುಚ್ಚುಮದ್ದಿಗೂ ಇರುವ ಅಂತರವನ್ನು ವೈದ್ಯರು ಇಂಥವರ ಮಟ್ಟಿಗೆ ಮುಖ್ಯವಾಗಿ ಗಣಿಸಬೇಕು.